ಬಿಳಿ ತುಂಬೆ ಹೂವನ್ನು ಕಲ್ಲಿನಲ್ಲಿ ಕೂರಿಸುವುದು ಹೇಗೆ?

ಬದುವಿನ ತುಂಬೆ:

ಎಲ್ಲರಿಗೂ ನಮಸ್ಕಾರ. ನಾನು ಈಗ ಇರುವುದು ಮೈಸೂರಿನ ಕುವೆಂಪುನಗರದಲ್ಲಿ. ಊರು ಪಾಂಡವಪುರದ ಹತ್ತಿರ. ಅಮ್ಮ ಹೋಗಿ ಈ ಕಾರ್ತಿಕಕ್ಕೆ ಎರಡು ವರ್ಷ. ಅಣ್ಣ ಊರಿನ ಹಳೇ ಮನೆಯನ್ನು ರಿಪೇರಿ ಮಾಡಿಸುತ್ತಿದ್ದಾನೆ. ದೇವರ ಕೋಣೆಯ ಗೋಡೆಗೆ ಅಮ್ಮನ ನೆನಪಿಗೆ ಒಂದು ಕಲ್ಲಿನ ಫಲಕ ಮಾಡಿಸಬೇಕು ಅನ್ನುವುದು ನನ್ನ ಆಸೆ. ಒಂದೂವರೆ ಅಡಿ ಚೌಕ ಸಾಕು. ಅದರಲ್ಲಿ ಹೂವು ಇರಬೇಕು. ಕಲ್ಲಿನೊಳಗೆ ಬಣ್ಣದ ಕಲ್ಲನ್ನೇ ಕತ್ತರಿಸಿ ಕೂರಿಸಿದ ಹೂವು.

ಈ ಆಸೆ ಎಲ್ಲಿಂದ ಬಂತು ಅಂದರೆ, ನಾನು ಚಿಕ್ಕವಳಿದ್ದಾಗ ಅಮ್ಮ ದಸರಾ ರಜೆಯಲ್ಲಿ ಮೈಸೂರು ಅರಮನೆಗೆ ಕರೆದುಕೊಂಡು ಹೋಗಿದ್ದಳು. ಎಲ್ಲರೂ ಕಂಬ, ಚಾವಣಿ, ದೀಪದ ಗೊಂಚಲು ನೋಡುತ್ತಿದ್ದರೆ ಅಮ್ಮ ಅಂಬಾವಿಲಾಸದ ನೆಲ ನೋಡುತ್ತಾ ನಿಂತುಬಿಟ್ಟಳು. ಮೇಲೆ ಇರುವ ಹೂವಿನ ಚಿತ್ತಾರವೇ ಕೆಳಗೆ ಕಲ್ಲಿನಲ್ಲೂ ಇತ್ತು. ‘ಹೂವು ತುಳೀಬೇಡ ಕಣೇ’ ಅಂದಳು. ಆ ಮಾತು ಇನ್ನೂ ಕಿವಿಯಲ್ಲಿದೆ.

ಈಗ ಸಮಸ್ಯೆ ಹೇಳುತ್ತೇನೆ. ಅಮ್ಮನ ಹೂವು ತುಂಬೆ. ಕಾರ್ತಿಕ ಸೋಮವಾರ ಬೆಳಗ್ಗೆ ಹೊಲದ ಬದುವಿಗೆ ಹೋಗಿ ಸೆರಗು ತುಂಬ ಬಿಡಿಸಿಕೊಂಡು ಬರುತ್ತಿದ್ದಳು. ಶಿವನಿಗೆ ಬೇರೆ ಹೂವು ಬೇಕೇ ಇಲ್ಲ ಅನ್ನುವುದು ಅವಳ ನಂಬಿಕೆ. ಆದರೆ ಕಲ್ಲಿನ ಕೆಲಸ ಮಾಡಿಸಿಕೊಡುತ್ತೇವೆ ಅಂದವರು ತೋರಿಸಿದ ನಮೂನೆಗಳಲ್ಲಿ ಇದ್ದದ್ದು ಟುಲಿಪ್, ಲಿಲ್ಲಿ, ಐರಿಸ್. ಜಾಸ್ತಿ ಅಂದರೆ ಒಂದು ಕಮಲ. ತುಂಬೆ ಅಂದಿದ್ದಕ್ಕೆ ‘ಅದು ಕಳೆ ಅಲ್ವಾ ಮೇಡಂ’ ಅಂದರು. ಮೇಲಾಗಿ ಬಿಳಿ ಅಮೃತಶಿಲೆಯಲ್ಲಿ ಬಿಳಿ ಹೂವು ಕೂರಿಸಿದರೆ ಕಾಣುವುದೇ ಇಲ್ಲ ಅಂದರು. ಅದು ನಿಜವೇ. ಏನು ಮಾಡಲಿ? ಗೊತ್ತಿರುವವರು ದಯವಿಟ್ಟು ಹೇಳಿ.

ಬೀಟೆಮರ:

ಅಕ್ಕ, ನಾವು ಮಂಡಿಮೊಹಲ್ಲಾದವರು. ತಾತನ ಕಾಲದಿಂದ ಮನೆಯಲ್ಲಿ ಬೀಟೆ ಮರದ ಇನ್‌ಲೇ ಕೆಲಸ. ನಮ್ಮದು ಮರ, ನೀವು ಕೇಳುತ್ತಿರುವುದು ಕಲ್ಲು. ಆದರೂ ಕೆಲಸದ ಬುದ್ಧಿ ಒಂದೇ ಅನ್ನಿಸಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಈ ಕೆಲಸಕ್ಕೆ ಮೊಸಾಯಿಕ್ ಅನ್ನುತ್ತಾರೆ ನಿಜ, ಆದರೆ ಯಾರ ಹತ್ತಿರವಾದರೂ ಹೋಗಿ ಬರೀ ಮೊಸಾಯಿಕ್ ಅಂತ ಕೇಳಬೇಡಿ. ಮೈಸೂರಲ್ಲಿ ಹಾಗಂದರೆ ಹಳೇ ಮನೆಗಳ ಚಿಪ್ಸ್ ನೆಲ ಅಂತಲೇ ತಿಳಿದುಕೊಳ್ಳುತ್ತಾರೆ. ಸಣ್ಣ ಚೌಕದ ಚೂರುಗಳನ್ನು ಪಕ್ಕಪಕ್ಕ ಒತ್ತಿ ಚಿತ್ರ ಮಾಡುವುದೂ ಮೊಸಾಯಿಕ್ಕೇ. ನಿಮಗೆ ಬೇಕಾದದ್ದು ಬೇರೆ. ಪ್ರತಿ ಎಸಳನ್ನೂ ಅದರದೇ ಆಕಾರಕ್ಕೆ ಕತ್ತರಿಸಿ, ಹಲಗೆಯಲ್ಲಿ ಅದೇ ಆಕಾರದ ಗುಳಿ ತೋಡಿ, ಕೂದಲೆಳೆ ಸಂದೂ ಇಲ್ಲದ ಹಾಗೆ ಕೂರಿಸುವುದು. ‘ಕಲ್ಲಿನ ಇನ್‌ಲೇ’ ಅಂತ ಕೇಳಿ.

ಎರಡನೇ ಮಾತು ಬಣ್ಣದ ಬಗ್ಗೆ. ನಮ್ಮ ಕೆಲಸದಲ್ಲಿ ಹಳದಿ ಬೇಕು ಅಂದರೆ ಹಲಸಿನ ಮರ ಹುಡುಕುತ್ತೇವೆ. ಬಣ್ಣ ಹಚ್ಚುವುದಿಲ್ಲ. ಮರದ ಎಳೆ ಯಾವ ಕಡೆ ಹರಿದಿದೆ ನೋಡಿ, ಅದನ್ನೇ ನೀರಿನ ಅಲೆಯಾಗಿ, ಸಂಜೆಯ ಮೋಡವಾಗಿ ಬಳಸುತ್ತೇವೆ. ಕಲ್ಲಿನಲ್ಲೂ ಹೀಗೇ. ಒಂದು ಎಸಳು ಬುಡದಲ್ಲಿ ಗಾಢ, ತುದಿಯಲ್ಲಿ ತಿಳಿ ಇರಬೇಕಾದರೆ, ಹಾಗೆ ಬಣ್ಣ ತಿರುಗುವ ಜಾಗವನ್ನೇ ಕಲ್ಲಿನಲ್ಲಿ ಹುಡುಕಿ ಕತ್ತರಿಸಬೇಕು. ಕಲ್ಲು ಆರಿಸುವಾಗ ನೀವು ಪಕ್ಕದಲ್ಲೇ ಕೂತಿರಿ. ಇದನ್ನು ಬೇರೆಯವರಿಗೆ ಬಿಟ್ಟರೆ ಹೂವು ಹೂವಾಗುವುದಿಲ್ಲ.

ಆಗ್ರಾ ನೋಡಿ ಬಂದವನು:

ಕೆಲಸದ ಮೇಲೆ ನಾನು ನಾಲ್ಕು ವರ್ಷ ಆಗ್ರಾದಲ್ಲಿದ್ದೆ. ರಜೆ ಸಿಕ್ಕಾಗಲೆಲ್ಲ ಈ ಕೆಲಸದವರ ಬೀದಿಗಳಲ್ಲಿ ಕೂತು ನೋಡುತ್ತಿದ್ದೆ. ಅಲ್ಲಿ ಇದಕ್ಕೆ ಪರ್ಚಿನ್‌ಕಾರಿ ಅನ್ನುತ್ತಾರೆ.

ಅವರು ಮಾಡುವ ರೀತಿ ಹೀಗೆ. ಅಮೃತಶಿಲೆಯ ಮೇಲೆ ಮೊದಲು ಕೆಂಪು ಬಣ್ಣ ಬಳಿಯುತ್ತಾರೆ. ಅದರ ಮೇಲೆ ಚೂಪಾದ ಮೊನೆಯಿಂದ ಗೀಚಿದರೆ ಬಿಳಿ ಗೆರೆ ಎದ್ದು ಕಾಣುತ್ತದೆ. ಬಣ್ಣದ ಕಲ್ಲನ್ನು ತೆಳು ಬಿಲ್ಲೆಗಳಾಗಿ ಸೀಳಿಕೊಂಡು, ತಿರುಗುವ ಸಾಣೆಗೆ ಒಡ್ಡಿ ಎಸಳಿನ ಆಕಾರಕ್ಕೆ ತರುತ್ತಾರೆ. ಒಂದು ಸಲ ಒಡ್ಡುವುದು, ಗೆರೆಯ ಮೇಲೆ ಇಟ್ಟು ನೋಡುವುದು, ಮತ್ತೆ ಒಡ್ಡುವುದು. ಒಂದೇ ಎಸಳಿಗೆ ಇಪ್ಪತ್ತು ಸಲ ಹೀಗೆ ಮಾಡಿದ್ದನ್ನು ಕಂಡಿದ್ದೇನೆ. ಆಮೇಲೆ ಎರಡು ಮೂರು ಮಿಲಿಮೀಟರ್ ಆಳದ ಗುಳಿ ತೋಡಿ, ಅಂಟು ಹಾಕಿ ಕೂರಿಸಿ, ಎಲ್ಲ ಒಂದೇ ಸಮಕ್ಕೆ ಬರುವ ತನಕ ಉಜ್ಜುತ್ತಾರೆ. ಬೆರಳು ಆಡಿಸಿದರೆ ಕಲ್ಲು ಎಲ್ಲಿ ಮುಗಿದು ಕಲ್ಲು ಎಲ್ಲಿ ಶುರುವಾಯಿತು ಅಂತ ತಿಳಿಯಬಾರದು.

ಇನ್ನು ಟುಲಿಪ್, ಐರಿಸ್ ಬಗ್ಗೆ. ಅವು ಅಲ್ಲಿ ಸುಮ್ನೆ ಬಂದವಲ್ಲ. ಫಾರ್ಸಿ ಕಾವ್ಯದಲ್ಲಿ ಕೆಂಪು ಟುಲಿಪ್ ಅಂದರೆ ಪ್ರಾಣ ಕೊಟ್ಟವನ ರಕ್ತ. ನರ್ಗಿಸ್ ಹೂವು ಕಣ್ಣು. ಗೋರಿಯ ಸುತ್ತ ಹೂವು ತುಂಬಿಸಿದರೆ ಅದು ಸ್ವರ್ಗದ ತೋಟ. ನೂರ್ ಜಹಾನ್ ತನ್ನ ತಂದೆಗೆ ಕಟ್ಟಿಸಿದ ಇತ್ಮಾದ್-ಉದ್-ದೌಲಾ ಗೋರಿ ಆಗ್ರಾದಲ್ಲೇ ಇದೆ. 1622ರಿಂದ 1628ರ ನಡುವೆ ಕಟ್ಟಿದ್ದು, ತಾಜ್‌ಗಿಂತ ಮುಂಚೆ. ಅದರ ಗೋಡೆಗಳ ತುಂಬ ಈ ಕಲ್ಲಿನ ಚಿತ್ತಾರ. ಮಗಳು ತಂದೆಗೆ ಮಾಡಿಸಿದ ಕೆಲಸ ಅದು. ನೀವು ತಾಯಿಗೆ ಮಾಡಿಸುತ್ತಿದ್ದೀರಿ. ಅವರು ತಮ್ಮ ಹೂವು ಹಾಕಿದರು, ನೀವು ನಿಮ್ಮದನ್ನು ಹಾಕಿ.

ಬಿಳಿ ಹೂವಿನ ಪ್ರಶ್ನೆಗೆ ತಾಜ್‌ನಲ್ಲೇ ಒಂದು ಉತ್ತರ ಇದೆ. ಗೋಡೆಯ ಕೆಳಭಾಗದಲ್ಲಿ ಹೂಗಿಡಗಳು ಇವೆಯಲ್ಲ, ಅವು ಇನ್‌ಲೇ ಅಲ್ಲ. ಬಿಳಿ ಕಲ್ಲಿನಲ್ಲೇ ಉಬ್ಬಿಸಿ ಕೆತ್ತಿದವು. ಅಂಚಿನ ಪಟ್ಟಿಯಲ್ಲಿ ಮಾತ್ರ ಬಣ್ಣದ ಕಲ್ಲು. ಬಿಳಿಯ ಮೇಲೆ ಬಿಳಿ ಹೂವು ಕಾಣಿಸುವಂತೆ ಮಾಡುವುದು ಅಲ್ಲಿ ನೆರಳಿನ ಕೆಲಸ.

ಕೆಂಪು ನೆಲ:

ತಪ್ಪು ತಿಳಿಯಬೇಡಿ. ದೇವರ ಕೋಣೆಗೆ ಕಮಲವೇ ಸರಿ ಅಲ್ವಾ? ನೋಡಿದ ತಕ್ಷಣ ಕಮಲ ಅಂತ ಎಲ್ಲರಿಗೂ ಗೊತ್ತಾಗುತ್ತದೆ. ನಮ್ಮ ರಾಜ್ಯದ ಹೂವೂ ಅದೇ. ತುಂಬೆಯನ್ನು ಕಲ್ಲಿನಲ್ಲಿ ಹಾಕಿದರೆ ಬಂದವರಿಗೆಲ್ಲ ‘ಇದು ತುಂಬೆ’ ಅಂತ ವಿವರಿಸುತ್ತಾ ಕೂರಬೇಕು. ಹತ್ತು ವರ್ಷ ಆದ ಮೇಲೆ ವಿವರಿಸುವವರು ಯಾರು? ಎಲ್ಲರಿಗೂ ಅರ್ಥ ಆದರೆ ತಾನೇ ಅದು ಸಂಕೇತ?

ಬದುವಿನ ತುಂಬೆ:

ನಿಮ್ಮ ಮಾತು ಯೋಚಿಸುವಂಥದ್ದೇ. ಎರಡು ದಿನ ಯೋಚಿಸಿದೆ.

ಕಮಲ ದೊಡ್ಡ ಹೂವು. ಕೆರೆಗೆ ಇಳಿದು ತರಬೇಕು, ಇಲ್ಲವೇ ದೇವರಾಜ ಮಾರ್ಕೆಟ್ಟಿನಲ್ಲಿ ದುಡ್ಡು ಕೊಡಬೇಕು. ನಮ್ಮಮ್ಮನ ಕೈಯಲ್ಲಿ ಎರಡಕ್ಕೂ ಆಗುತ್ತಿರಲಿಲ್ಲ. ತುಂಬೆಯನ್ನು ಯಾರೂ ನೆಡುವುದಿಲ್ಲ, ಯಾರೂ ನೀರು ಹಾಕುವುದಿಲ್ಲ, ಯಾರೂ ಮಾರುವುದಿಲ್ಲ. ಆದರೂ ಶಿವನ ತಲೆ ಮೇಲೆ ಅದಕ್ಕೆ ಜಾಗ ಇದೆ. ಕೇದಗೆಗೆ ಅಷ್ಟು ಪರಿಮಳ ಇದ್ದೂ ಸುಳ್ಳು ಸಾಕ್ಷಿ ಹೇಳಿದ್ದಕ್ಕೆ ಶಿವ ಅದನ್ನು ಬೇಡ ಅಂದ ಎಂಬ ಕಥೆಯನ್ನು ಅಮ್ಮ ತುಂಬೆ ಬಿಡಿಸುತ್ತಲೇ ಹೇಳುತ್ತಿದ್ದಳು. ಹಾಗಾಗಿ ನನಗೆ ಕಮಲ ಆಗುವುದಿಲ್ಲ. ವಿವರಿಸಬೇಕಾಗಿ ಬಂದರೆ ಸಂತೋಷವಾಗಿ ವಿವರಿಸುತ್ತೇನೆ. ಅಮ್ಮನ ಹೆಸರು ಹೇಳುವುದಕ್ಕೆ ಅದೂ ಒಂದು ದಾರಿ.

ಗಂಜಾಂ ಹುಡುಗಿ:

ಅಕ್ಕ, ನಾನು ಡಿಸೈನ್ ಓದುತ್ತಿದ್ದೇನೆ. ಊರು ಶ್ರೀರಂಗಪಟ್ಟಣ. ನಿಮ್ಮ ಪ್ರಶ್ನೆ ಓದಿದ ಕೂಡಲೇ ನನಗೆ ನಮ್ಮ ಟಿಪ್ಪು ಗುಂಬಜ್‌ನ ಬಾಗಿಲುಗಳು ನೆನಪಾದವು. ಕರಿಮರದಲ್ಲಿ ಬಿಳಿ ದಂತ ಕೂರಿಸಿದ ಬಾಗಿಲುಗಳು ಅವು, ಲಾರ್ಡ್ ಡಾಲ್‌ಹೌಸಿ ಮಾಡಿಸಿಕೊಟ್ಟದ್ದು ಅಂತ ಹೇಳುತ್ತಾರೆ. ಚಿಕ್ಕಂದಿನಲ್ಲಿ ಅಲ್ಲಿ ಆಡುವಾಗ ಸಂಜೆ ಬೆಳಕು ಕಡಿಮೆಯಾದಂತೆ ಮರ ಮರೆಯಾಗಿ ಬಿಳಿ ಚಿತ್ತಾರ ಮಾತ್ರ ಉಳಿಯುತ್ತಿತ್ತು. ಈಗ ದಂತ ಬೇಡವೇ ಬೇಡ. ಆದರೆ ಕಪ್ಪಿನ ಮೇಲೆ ಬಿಳಿ ಅನ್ನುವ ಉಪಾಯವನ್ನು ತೆಗೆದುಕೊಳ್ಳಬಹುದು ಅಲ್ವಾ?

ಇಟಲಿಯ ಫ್ಲಾರೆನ್ಸ್‌ನಲ್ಲಿ ಕೂಡ ಇದೇ ಕೆಲಸ ನಡೆಯುತ್ತದೆ. ಅಲ್ಲಿ 1588ರಲ್ಲಿ ಮೆಡಿಚಿ ಮನೆತನದ ಒಂದನೇ ಫರ್ಡಿನಾಂಡೊ ಇದಕ್ಕೆಂದೇ ಕಾರ್ಖಾನೆ ತೆರೆದ. ಅದು ಇವತ್ತಿಗೂ ಇದೆ, ಈಗ ಹಳೆಯ ಕಲಾಕೃತಿಗಳ ರಿಪೇರಿ ಮಾಡುವ ಸಂಸ್ಥೆಯಾಗಿದೆ. ಅಲ್ಲಿನವರು ಆಗ್ರಾದವರ ಹಾಗೆ ಬಿಳಿ ನೆಲ ಇಟ್ಟುಕೊಳ್ಳಲಿಲ್ಲ. ಹೂವಿನ ಫಲಕಗಳಿಗೆ ಹೆಚ್ಚಾಗಿ ಕಪ್ಪು ಕಲ್ಲನ್ನು ಹಾಕಿದರು. ಆ ಕಲ್ಲಿಗೆ ಇಟಾಲಿಯನ್ ಭಾಷೆಯಲ್ಲಿ ಇರುವ ಹೆಸರಿನ ಅರ್ಥ ಒರೆಗಲ್ಲು! ಚಿನ್ನ ಒರೆಗೆ ಹಚ್ಚುವ ಕಲ್ಲಿನ ಮೇಲೆ ಹೂವನ್ನು ಇಟ್ಟರು. ಇದನ್ನು ಮೊದಲ ಸಲ ಓದಿದಾಗ ನನಗೆ ಮೈ ಜುಂ ಅಂದಿತ್ತು. ಜಾಕೊಪೊ ಲಿಗೊಜ್ಜಿ ಅನ್ನುವ ಚಿತ್ರಗಾರ ಮೆಡಿಚಿಗಳಿಗಾಗಿ ಗಿಡಗಳನ್ನು ಬೇರಿನ ಸಮೇತ ಬರೆಯುತ್ತಿದ್ದ. ಅಂಥ ಕಣ್ಣು ಇದ್ದವನೇ ಈ ಕಲ್ಲಿನ ಕೆಲಸಕ್ಕೂ ನಮೂನೆ ಕೊಟ್ಟದ್ದು.

ಇದನ್ನು ಹೇಳಿದ್ದು ಯಾಕೆ ಅಂದರೆ, ಮೊದಲು ಗಿಡ ನೋಡಿ ಬರೆಯಬೇಕು. ಕ್ಯಾಟಲಾಗ್ ಪಕ್ಕಕ್ಕೆ ಇಡಿ. ನೀವು ಒಪ್ಪಿದರೆ ನಾನೇ ಬರೆದುಕೊಡುತ್ತೇನೆ, ದುಡ್ಡು ಬೇಡ.

ನಿವೃತ್ತ ಮೇಷ್ಟ್ರು:

ಮಂಡ್ಯದಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಸಸ್ಯಶಾಸ್ತ್ರ ಕಲಿಸಿದವನು ನಾನು. ತುಂಬೆಯ ಬಗ್ಗೆ ಮಾತು ಬಂದಮೇಲೆ ಸುಮ್ಮನಿರಲು ಆಗಲಿಲ್ಲ.

ಮಗೂ, ಬರೆಯುವ ಮುಂಚೆ ಈ ವಿಷಯ ಗಮನಿಸು. ತುಂಬೆಗೆ ದುಂಡಗೆ ಐದು ಎಸಳು ಹಾಕಿದರೆ ಅದು ಮಲ್ಲಿಗೆಯೂ ಅಲ್ಲ, ತುಂಬೆಯೂ ಅಲ್ಲ. ತುಂಬೆಯದು ತುಳಸಿಯ ಕುಟುಂಬ. ಆ ಕುಟುಂಬದ ಹೂವಿಗೆ ಎರಡು ತುಟಿ. ತುಂಬೆಯ ಮೇಲ್ದುಟಿ ಚಿಕ್ಕದು, ನವಿರು ಕೂದಲಿನ ಕುಲಾವಿಯ ಹಾಗೆ ಬಾಗಿರುತ್ತದೆ. ಕೆಳದುಟಿ ದೊಡ್ಡದು, ಮೂರು ಭಾಗ, ನಡುವಿನದು ನಾಲಿಗೆ ಚಾಚಿದ ಹಾಗೆ ಹರಡಿಕೊಂಡಿರುತ್ತದೆ. ಹೂವುಗಳು ಒಂದೊಂದಾಗಿ ನೇತಾಡುವುದಿಲ್ಲ. ಕಾಂಡದ ಗಿಣ್ಣಿನ ಸುತ್ತ ಹಸಿರು ಚೆಂಡು ಇರುತ್ತದೆ, ಅದರಿಂದ ಸುತ್ತಲೂ ಬಿಳಿ ನಾಲಿಗೆಗಳು ಹೊರಗೆ ಬಂದಿರುತ್ತವೆ. ಎಲೆ ಎದುರು ಬದುರು, ಸಪೂರ. ಕಾಂಡ ನಾಲ್ಕು ಮೂಲೆಯದು, ಬೆರಳಲ್ಲಿ ತಿರುಗಿಸಿದರೆ ಗೊತ್ತಾಗುತ್ತದೆ. ಶಾಸ್ತ್ರದ ಹೆಸರು ಲ್ಯೂಕಾಸ್ ಆಸ್ಪೆರಾ. ಲ್ಯೂಕಾಸ್ ಅನ್ನುವುದು ಗ್ರೀಕಿನ ‘ಬಿಳಿ’ ಅನ್ನುವ ಪದದಿಂದ ಬಂದದ್ದು. ಹೆಸರಿನಲ್ಲೇ ಬಿಳಿ ಇದೆ. ಅದಕ್ಕೇ ಬಿಳಿಯನ್ನು ಬಿಟ್ಟುಕೊಡಬೇಡಿ.

ಕಳೆ ಅಲ್ವಾ ಅಂದವರಿಗೆ ನಾನು ಸೋಮನಾಥಪುರ ತೋರಿಸುತ್ತೇನೆ. ಕೇಶವ ದೇವಸ್ಥಾನ, ಹದಿಮೂರನೇ ಶತಮಾನ. ಹೊಯ್ಸಳರ ಕಾಲದ್ದು. ಎಲ್ಲರೂ ಹೊರಗೋಡೆಯ ವಿಗ್ರಹ ನೋಡಿ ಬಂದುಬಿಡುತ್ತಾರೆ. ಒಳಗೆ ಹೋಗಿ ತಲೆ ಎತ್ತಿ ನೋಡಿ. ಚಾವಣಿಯಿಂದ ಬಾಳೆ ಹೂವು, ಅಂದರೆ ಬಾಳೆ ಮೋತೆ, ಕಲ್ಲಾಗಿ ಇಳಿಬಿದ್ದಿದೆ. ಒಂದು ಅಂಕಣದಲ್ಲಿ ಮುಚ್ಚಿದ್ದು, ಇನ್ನೊಂದರಲ್ಲಿ ಸ್ವಲ್ಪ ಬಿಚ್ಚಿದ್ದು, ಮತ್ತೊಂದರಲ್ಲಿ ಇನ್ನೂ ಜಾಸ್ತಿ ಬಿಚ್ಚಿದ್ದು. ಆ ಶಿಲ್ಪಿ ಹಿತ್ತಿಲಿಗೆ ಹೋಗಿ ದಿನಾ ನೋಡದೆ ಹೀಗೆ ಮಾಡಲು ಆಗುವುದಿಲ್ಲ. ಹಿತ್ತಿಲ ಬಾಳೆಗೆ ದೇವಸ್ಥಾನದ ಚಾವಣಿಯಲ್ಲಿ ಜಾಗ ಸಿಕ್ಕಿದ ಸೀಮೆ ಇದು. ಬದುವಿನ ತುಂಬೆಗೆ ನಿಮ್ಮ ಮನೆಯ ಗೋಡೆಯಲ್ಲಿ ಜಾಗ ಇಲ್ಲವೇ?

ಗಂಜಾಂ ಹುಡುಗಿ:

ಮೇಷ್ಟ್ರೇ, ನಾಳೆ ಬೆಳಗ್ಗೆಯೇ ನದಿ ದಂಡೆಗೆ ಹೋಗಿ ಗಿಡ ಹುಡುಕುತ್ತೇನೆ. ಬರೆದ ಮೇಲೆ ನಿಮಗೆ ತೋರಿಸಿಯೇ ಮುಂದಿನದು.

ಕರಿಕಲ್ಲು:

ನಾನು ಮೈಸೂರಿನಲ್ಲಿ ಮೂರ್ತಿ ಕೆಲಸ ಮಾಡುವವನು. ಕಲ್ಲಿನ ಬಗ್ಗೆ ನನಗೆ ತಿಳಿದದ್ದು ಹೇಳುತ್ತೇನೆ.

ಕಪ್ಪು ನೆಲ ಅನ್ನುವುದು ಸರಿಯಾದ ದಾರಿ. ಅದಕ್ಕೆ ಇಟಲಿವರೆಗೂ ಹೋಗಬೇಕಿಲ್ಲ. ನಮ್ಮ ಪಕ್ಕದ ಚಾಮರಾಜನಗರದ ಕರಿಕಲ್ಲು ದೇಶ ವಿದೇಶಕ್ಕೆ ಹೋಗುತ್ತದೆ. ಚೆನ್ನಾಗಿ ಪಾಲಿಶ್ ಹೊಡೆದರೆ ಬಾವಿ ನೀರಿನ ಹಾಗೆ ಕಾಣುತ್ತದೆ.

ಆದರೆ ಒಂದು ಎಚ್ಚರ. ಬಿಳಿ ಹೂವಿಗೆ ಅಮೃತಶಿಲೆ ತೆಗೆದುಕೊಂಡು ಕರಿಕಲ್ಲಿನಲ್ಲಿ ಕೂರಿಸಬೇಡಿ. ಗಡಸುತನ ಅಳೆಯುವ ಲೆಕ್ಕದಲ್ಲಿ ವಜ್ರ 10 ಅಂದರೆ ಅಮೃತಶಿಲೆ 3. ಕರಿಕಲ್ಲು 6ರ ಆಸುಪಾಸು. ಎರಡನ್ನೂ ಒಟ್ಟಿಗೆ ಉಜ್ಜಿದಾಗ ಮೆತ್ತಗಿನದು ಬೇಗ ಸವೆದು ತಗ್ಗಾಗುತ್ತದೆ. ಹೂವು ಗುಂಡಿ ಬೀಳುತ್ತದೆ. ತಾಜ್‌ನಲ್ಲೂ 3ರ ಅಮೃತಶಿಲೆಗೆ 7ರ ಕೆಂಪು ಅಕೀಕದ ಹರಳು ಕೂರಿಸಿದ್ದಾರಲ್ಲ ಅಂತ ಕೇಳಬಹುದು. ಹೌದು, ಕೂರಿಸಿದ್ದಾರೆ. ಅದು ತಲೆಮಾರುಗಳ ಕೈ. ನಮ್ಮಂಥವರು ಮೊದಲ ಸಲ ಮಾಡುವಾಗ ಗಡಸುತನ ಹತ್ತಿರ ಇರುವ ಕಲ್ಲುಗಳನ್ನು ಜೋಡಿ ಮಾಡುವುದು ಕ್ಷೇಮ.

ಹಾಗಾದರೆ ಬಿಳಿ ಯಾವುದು? ಮೈಸೂರು ತಾಲ್ಲೂಕಿನ ದೊಡ್ಡಕಾನ್ಯದ ಕಡೆ ಮ್ಯಾಗ್ನೆಸೈಟ್ ಸಿಗುತ್ತದೆ, ಹಾಲಿನ ಬಿಳಿ. ಆದರೆ ಅದೂ 4ರ ಹತ್ತಿರ, ಮೆತ್ತಗೆ. ನಾನು ಹೇಳುವುದು ಬೆಣಚುಕಲ್ಲು. ಅದು 7. ನಿಮ್ಮ ಪಾಂಡವಪುರದ ಹೊಲಗಳಲ್ಲಿ ಉಳುವಾಗ ನೇಗಿಲಿಗೆ ಸಿಕ್ಕಿ ಬದುವಿಗೆ ಎಸೆಯುತ್ತಾರಲ್ಲ, ಅದೇ. ಅದರಲ್ಲಿ ಕೆಲವು ಮಂಜುಗಡ್ಡೆಯ ಹಾಗೆ, ಕೆಲವು ಹೆಪ್ಪುಗಟ್ಟಿದ ಹಾಲಿನ ಹಾಗೆ ಇರುತ್ತವೆ. ಎರಡನೆಯದು ಬೇಕು. ಬಿರುಕು ಇಲ್ಲದ್ದು ಹುಡುಕಿ. ಬಿಸಿಲಿಗೆ ಹಿಡಿದರೆ ಒಳಗಿನ ಬಿರುಕು ಕಾಣುತ್ತದೆ.

ಇನ್ನೊಂದು ಮಾತು, ಇದು ಬಹಳ ಮುಖ್ಯ. ಬೆಣಚನ್ನು ಒಣದಾಗಿ ಕತ್ತರಿಸಬೇಡಿ, ಯಾರಿಂದಲೂ ಹಾಗೆ ಮಾಡಿಸಬೇಡಿ. ಆ ಪುಡಿ ಶ್ವಾಸಕೋಶಕ್ಕೆ ಹೋದರೆ ವಾಪಸ್ ಬರುವುದಿಲ್ಲ. ಸಿಲಿಕೋಸಿಸ್ ಅನ್ನುತ್ತಾರೆ, ವಾಸಿ ಮಾಡುವ ಔಷಧಿ ಇಲ್ಲ. ನನ್ನ ಜೊತೆ ಕೆಲಸ ಕಲಿತವನು ನಲವತ್ತಕ್ಕೇ ಉಸಿರಿಗೆ ಒದ್ದಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಬ್ಲೇಡಿನ ಮೇಲೆ ನೀರು ಬೀಳುತ್ತಲೇ ಇರಬೇಕು, ಮುಖಕ್ಕೆ ಒಳ್ಳೇ ಮಾಸ್ಕ್ ಇರಬೇಕು. ಕೆಲಸದವರಿಗೆ ಇದನ್ನು ಕೊಡದ ಜಾಗದಲ್ಲಿ ಫಲಕ ಮಾಡಿಸಬೇಡಿ.

ಬದುವಿನ ತುಂಬೆ:

ಬೆಣಚುಕಲ್ಲು! ನಮ್ಮ ಹೊಲದ ಬದುವಿನ ತುಂಬ ಅದೇ. ಅಮ್ಮ ತುಂಬೆ ಬಿಡಿಸುವಾಗ ನಾನು ಬೆಣಚುಕಲ್ಲು ಆರಿಸಿ ಒಂದಕ್ಕೊಂದು ಉಜ್ಜಿ ಕಿಡಿ ನೋಡುತ್ತಿದ್ದೆ. ಹೂವು, ಕಲ್ಲು ಎರಡೂ ಅದೇ ಬದುವಿನದು. ಈ ಭಾನುವಾರವೇ ಊರಿಗೆ ಹೋಗುತ್ತೇನೆ.

ಸುಮ್ನೆ ಓದುವವಳು:

ಇಷ್ಟು ದಿನ ಓದುತ್ತಾ ಇದ್ದೆ, ಇವತ್ತು ಬರೆಯಲೇಬೇಕು ಅನ್ನಿಸಿತು. ನಾನು ಪ್ರವಾಸ ಹೋದ ಕಡೆ ಒಂದು ಅಂಗಡಿಯಲ್ಲಿ ಕಲ್ಲಿನ ಹೂವಿನ ತಟ್ಟೆ ತಂದೆ. ಅಪ್ಪಟ ಅಮೃತಶಿಲೆ, ಒಳಗೆ ಅಸಲಿ ಕಲ್ಲು ಅಂತ ನಂಬಿಸಿದರು. ನಾದಿನಿಯ ಮದುವೆಗೆ ಕೊಡಲು ತಂದದ್ದು. ಮನೆಗೆ ಬಂದು ಒರೆಸುವಾಗ ಬಳೆ ತಾಗಿ ಗೀರು ಬಿತ್ತು. ಉಗುರಿಂದ ಕೆರೆದರೂ ಪುಡಿ ಬಂತು. ಎಸಳಿನ ನೀಲಿ ಬಟ್ಟೆಗೆ ಹತ್ತಿತು. ಅದು ಬಳಪದ ಕಲ್ಲು, ಒಳಗಿದ್ದದ್ದು ಬಣ್ಣ ಹಾಕಿದ ಚೂರು. ಕೊಟ್ಟ ದುಡ್ಡಿಗಿಂತ, ಒಬ್ಬರಿಗೆ ಪ್ರೀತಿಯಿಂದ ಕೊಡಬೇಕು ಅಂತಿದ್ದ ವಸ್ತು ಹೀಗಾಯಿತಲ್ಲ ಅಂತ ಬಹಳ ಬೇಜಾರಾಯಿತು. ನೀವು ಹುಷಾರಾಗಿರಿ.

ಆಗ್ರಾ ನೋಡಿ ಬಂದವನು:

ಹೀಗೆ ಮೋಸ ಹೋದವರು ಬಹಳ ಜನ. ನನಗೆ ಒಬ್ಬ ಹಿರಿಯ ಕುಶಲಕರ್ಮಿ ಹೇಳಿಕೊಟ್ಟ ಪರೀಕ್ಷೆ ಇಲ್ಲಿ ಬರೆಯುತ್ತೇನೆ. ಬಳಪದ ಕಲ್ಲಾದರೆ ಉಗುರಿಗೇ ಗೀರು ಬೀಳುತ್ತದೆ, ಅಮೃತಶಿಲೆಗೆ ಬೀಳುವುದಿಲ್ಲ. ಕತ್ತಲೆಯಲ್ಲಿ ಹಿಂದಿನಿಂದ ಟಾರ್ಚ್ ಹಿಡಿಯಿರಿ. ತೆಳು ಅಮೃತಶಿಲೆ ಬೆಳಕನ್ನು ಬಿಟ್ಟುಕೊಡುತ್ತದೆ, ಕೆಂಪು ಅಕೀಕ ಕೆಂಡದ ಹಾಗೆ ಹೊಳೆಯುತ್ತದೆ. ಬಳಪದ ಕಲ್ಲನ್ನೂ ಹಗುರವಾಗಿ ಮಾತಾಡಬಾರದು ಬಿಡಿ, ಬೇಲೂರು, ಹಳೇಬೀಡು ಕೆತ್ತಿದ್ದು ಅದರಲ್ಲೇ. ಅದನ್ನು ಅಮೃತಶಿಲೆ ಅಂತ ಮಾರುವುದು ತಪ್ಪು.

ಕೆಂಪು ನೆಲ:

ಕಮಲದ ಹಟ ನಾನು ಬಿಟ್ಟಿದ್ದೇನೆ. ಆದರೆ ದೇವರ ಕೋಣೆ ಅನ್ನುವುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಅಲ್ಲಿ ಎಣ್ಣೆ ಇರುತ್ತದೆ, ದೀಪದ ಮಸಿ ಇರುತ್ತದೆ, ಅರಿಶಿನ, ಕುಂಕುಮ, ಮೊಸರು, ನಿಂಬೆಹಣ್ಣು. ಹಿತ್ತಾಳೆ ದೀಪ ಹುಣಸೆಹಣ್ಣಲ್ಲಿ ತೊಳೆದು ಹಾಗೇ ಇಡುತ್ತೇವೆ. ನಮ್ಮ ಮನೆಯ ಅಮೃತಶಿಲೆ ಮಂಟಪ ಐದು ವರ್ಷಕ್ಕೇ ಮಂಕಾಗಿ ಅಲ್ಲಲ್ಲಿ ಹಳದಿಯಾಗಿದೆ. ನಿಮ್ಮ ಫಲಕ ಹಾಗಾಗಬಾರದು.

ಕರಿಕಲ್ಲು:

ಬಹಳ ಒಳ್ಳೇ ಪ್ರಶ್ನೆ ಕೇಳಿದಿರಿ. ಅಮೃತಶಿಲೆ ಹುಳಿಗೆ ಕರಗುತ್ತದೆ. ನಿಂಬೆ, ಹುಣಸೆ, ಮೊಸರು ಎಲ್ಲವೂ ಅದರ ಹೊಳಪು ತಿನ್ನುತ್ತವೆ. ಎಣ್ಣೆ ಒಳಗೆ ಇಳಿಯುತ್ತದೆ. ಕರಿಕಲ್ಲು, ಬೆಣಚು ಇವಕ್ಕೆ ಆ ತೊಂದರೆ ಇಲ್ಲ.

ಎಲೆಗೆ ಮ್ಯಾಲಕೈಟ್ ಹಾಕಿ ಅಂತ ಯಾರಾದರೂ ಹೇಳಬಹುದು, ಬೇಡ. ಅದೂ ಹುಳಿಗೆ ಹೆದರುವ ಕಲ್ಲು, ಮೆತ್ತಗೆ, ಕತ್ತರಿಸುವಾಗ ಬರುವ ತಾಮ್ರದ ಪುಡಿಯೂ ವಿಷ. ಮೇಲಾಗಿ ಅದರ ಹಸಿರು ನವಿಲಿನ ಹಸಿರು. ತುಂಬೆ ಎಲೆ ಮಾಸಲು ಹಸಿರು. ಹಸಿರು ಅವೆಂಚುರೀನ್ ಹುಡುಕಿ. ಅದು ಬೆಣಚಿನದೇ ಜಾತಿ, ಗಡಸುತನವೂ ಹತ್ತಿರ ಹತ್ತಿರ ಅಷ್ಟೇ.

ಅಂಟಿಗೆ ಹಿಂದೆ ಫ್ಲಾರೆನ್ಸ್‌ನವರು ರಾಳ, ಜೇನುಮೇಣ ಸೇರಿಸಿ ಕಾಯಿಸುತ್ತಿದ್ದರಂತೆ. ನಾವು ಅರಾಲ್ಡೈಟ್ ತರಹದ್ದು ಬಳಸುತ್ತೇವೆ. ಬಿಸಿಲಿಗೆ ಅದು ಹಳದಿಯಾಗುತ್ತದೆ. ಬೆಣಚು ಸ್ವಲ್ಪ ಪಾರದರ್ಶಕ, ಹಿಂದಿನ ಹಳದಿ ಮುಂದೆ ಕಾಣಬಹುದು. ಅದಕ್ಕೆ ಅಂಟಿಗೆ ಬಿಳಿ ಪುಡಿ ಬೆರೆಸುತ್ತೇನೆ. ಫಲಕವನ್ನು ದೀಪದಿಂದ ಎರಡು ಅಡಿಯಾದರೂ ದೂರ ಇಡಿ.

ನಿವೃತ್ತ ಮೇಷ್ಟ್ರು:

ಹುಡುಗಿ ಕಳಿಸಿದ ಚಿತ್ರ ನೋಡಿದೆ. ಬಹಳ ಚೆನ್ನಾಗಿದೆ. ಮೇಲ್ದುಟಿಯ ಬಾಗು ಸರಿಯಾಗಿ ಬಂದಿದೆ. ಒಂದೇ ತಕರಾರು. ಹೂವನ್ನು ಅಂಗೈಯಷ್ಟು ದೊಡ್ಡದು ಮಾಡಿದ್ದಾಳೆ. ಅಸಲು ಹೂವು ಒಂದು ಸೆಂಟಿಮೀಟರ್ ಆಸುಪಾಸು. ಸಣ್ಣದಾಗಿರುವುದೇ ತುಂಬೆಯ ಗುಣ. ಇದ್ದಷ್ಟೇ ಇರಲಿ.

ಕರಿಕಲ್ಲು:

ಮೇಷ್ಟ್ರೇ, ನಿಮ್ಮ ಮಾತಿಗೆ ಗೌರವ ಇದೆ. ಆದರೆ ಒಂದು ಸೆಂಟಿಮೀಟರ್ ಹೂವಿನ ಮೇಲ್ದುಟಿ ಅಂದರೆ ಎರಡು ಮೂರು ಮಿಲಿಮೀಟರ್. ಬೆಣಚನ್ನು ಅಷ್ಟು ಸಣ್ಣಗೆ ಸಾಣೆ ಹಿಡಿದರೆ ಬೆರಳಲ್ಲೇ ಸಿಡಿದು ಹೋಗುತ್ತದೆ. ಅಸಲಿನ ಎರಡರಷ್ಟು ಮಾಡೋಣ. ಅಷ್ಟಕ್ಕೂ ಒಂದೊಂದು ಹೂವಿಗೆ ನಾಲ್ಕು ತುಂಡು, ಒಂದು ಚೆಂಡಿಗೆ ಒಂಬತ್ತು ಹತ್ತು ಹೂವು ಅಂದರೆ ನಲವತ್ತು ತುಂಡು ಆಗುತ್ತದೆ. ಅಕ್ಕ, ಖರ್ಚು ಏರುವುದು ಈ ತುಂಡುಗಳ ಲೆಕ್ಕದಲ್ಲಿ. ಕಲ್ಲಿನ ಬೆಲೆ ಚಿಕ್ಕದು, ಕೈಯ ದಿನಗಳೇ ದೊಡ್ಡದು.

ಬೀಟೆಮರ:

ಎರಡರಷ್ಟು ಸರಿ. ಮರದಲ್ಲೂ ಮೂರು ಮಿಲಿಮೀಟರ್‌ಗಿಂತ ಸಣ್ಣ ಬಿಳಿ ತುಂಡು ನಮ್ಮ ಕೈಯಲ್ಲೇ ಎಷ್ಟೋ ಸಲ ಮುರಿದಿದೆ. ಗಿಡ ಒಂದೇ ಇರಲಿ, ಸುತ್ತಲೂ ಖಾಲಿ ಬಿಡಿ. ಹೂವು ಸಣ್ಣದು ಅಂತ ಖಾಲಿ ಜಾಗವೇ ಹೇಳುತ್ತದೆ. ಅಂಚಿಗೆ ಬಳ್ಳಿ ಹಾಕಲೇಬೇಡಿ.

ನಿವೃತ್ತ ಮೇಷ್ಟ್ರು:

ಖಾಲಿ ಜಾಗದ ಮಾತು ನನಗೆ ಹಿಡಿಸಿತು. ಒಪ್ಪಿದೆ.

ಬದುವಿನ ತುಂಬೆ (ಒಂಬತ್ತು ವಾರದ ನಂತರ):

ಎಲ್ಲರಿಗೂ ಹೇಳಬೇಕಾದ ಸುದ್ದಿ ಇದೆ. ಫಲಕದ ಮೊದಲ ಚೆಂಡು ಕೂತಿದೆ.

ಬದುವಿನಿಂದ ಒಂದು ಚೀಲ ಬೆಣಚು ತಂದಿದ್ದೆ. ಅದರಲ್ಲಿ ಕೆಲಸಕ್ಕೆ ಬಂದದ್ದು ಏಳು ಕಲ್ಲು. ಉಳಿದವು ಬ್ಲೇಡ್ ತಾಗಿದ ಕೂಡಲೇ ಬಿರುಕು ಬಿಟ್ಟವು. ಆರಿಸುವಾಗ ಬೀಟೆಮರದವರು ಹೇಳಿದ ಹಾಗೆ ಪಕ್ಕದಲ್ಲೇ ಕೂತಿದ್ದೆ. ಒಂದು ಕಲ್ಲಿನ ಒಂದು ಮೂಲೆಯಲ್ಲಿ ಬಿಳಿ ನಿಧಾನಕ್ಕೆ ತೆಳುವಾಗುತ್ತಾ ಹೋಗಿತ್ತು. ಅದನ್ನೇ ಕೆಳದುಟಿಗೆ ತೆಗೆಸಿದೆ. ಈಗ ಎಸಳಿನ ಬುಡ ಗಟ್ಟಿ ಬಿಳಿ, ತುದಿ ಬೆಳಕು ಬಿಡುವಷ್ಟು ತೆಳು. ಬೆಳಗಿನ ಹನಿ ಬಿದ್ದಾಗ ತುಂಬೆ ಹೀಗೇ ಕಾಣುತ್ತದೆ.

ಮೊದಲು ಮಾಡಿದ ಚೆಂಡು ಹಾಳಾಯಿತು. ಗುಳಿ ಒಂದು ಕಡೆ ಅಗಲವಾಗಿ ಅಂಟಿನ ಗೆರೆ ಕಾಣುತ್ತಿತ್ತು. ಪರವಾಗಿಲ್ಲ ಬಿಡಿ ಅಂದೆ. ಕರಿಕಲ್ಲು ಅಣ್ಣ ಬಿಡಲಿಲ್ಲ. ಆ ಚಪ್ಪಡಿ ಪಕ್ಕಕ್ಕಿಟ್ಟು ಹೊಸದು ತೆಗೆದರು. ಎರಡನೆಯದರ ಮೇಲೆ ಕಣ್ಣು ಮುಚ್ಚಿ ಬೆರಳು ಆಡಿಸಿದೆ. ಹೂವು ಎಲ್ಲಿದೆ ಅಂತ ಬೆರಳಿಗೆ ಸಿಗಲಿಲ್ಲ. ಕಣ್ಣು ತೆರೆದರೆ ಅಲ್ಲೇ ಇತ್ತು.

ನಿನ್ನೆ ಚಿಕ್ಕಮ್ಮ ಬಂದಿದ್ದರು. ಅಮ್ಮನ ತಂಗಿ, ಅವರಿಗೆ ಎಪ್ಪತ್ತಾರು. ನಾನು ಏನೂ ಹೇಳದೆ ಕಲ್ಲನ್ನು ಅವರ ಮುಂದೆ ಇಟ್ಟೆ. ‘ತುಂಬೆ’ ಅಂದರು ತಕ್ಷಣ. ವಿವರಿಸಬೇಕಾಗಲೇ ಇಲ್ಲ. ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು: ‘ಇರುವೆ ಎಲ್ಲೇ?’

ಹೌದಲ್ವಾ! ಇರುವೆ ಇಲ್ಲದ ತುಂಬೆ ಎಲ್ಲಿದೆ? ಅಮ್ಮ ಪ್ರತಿ ಸಲ ಹೂವನ್ನು ಬಾಳೆಲೆ ಮೇಲೆ ಹರಡಿ, ಇರುವೆ ಇಳಿದು ಹೋಗುವ ತನಕ ಕಾಯುತ್ತಿದ್ದಳು. ಆಮೇಲೆಯೇ ದೇವರಿಗೆ. ಒಂದು ಇರುವೆ ಹಾಕಲು ಆಗುತ್ತದಾ?

ನಿವೃತ್ತ ಮೇಷ್ಟ್ರು:

ನಲವತ್ತು ಸಲ ಆ ಗಿಡ ಬರೆಸಿದ್ದೇನೆ ಮಕ್ಕಳಿಂದ. ಇರುವೆ ನನಗೆ ಹೊಳೆಯಲೇ ಇಲ್ಲ. ನಿಮ್ಮ ಚಿಕ್ಕಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

ಗಂಜಾಂ ಹುಡುಗಿ:

ಎರಡರಷ್ಟು ಅಳತೆಯಲ್ಲಿ ಇರುವೆ ಆರೇಳು ಮಿಲಿಮೀಟರ್ ಬರುತ್ತದೆ. ಕೆಳದುಟಿಯ ಮೇಲೆ ಕೂರುತ್ತದೆ, ಬರೆದು ನೋಡಿದೆ. ಆದರೆ ಅಷ್ಟು ಸಣ್ಣ ಕಪ್ಪು ಕಲ್ಲಿನ ತುಂಡು ಕತ್ತರಿಸಲು ಆಗುತ್ತದಾ ಅಣ್ಣ?

ಕರಿಕಲ್ಲು:

ಕತ್ತರಿಸಬೇಕಾಗಿಲ್ಲ. ಕೊನೆಯ ಹೂವಿನ ಗುಳಿ ತೋಡುವಾಗ ಇರುವೆಯಷ್ಟು ಜಾಗ ಮಾತ್ರ ತೋಡದ ಹಾಗೆ ಬಿಡುತ್ತೇನೆ. ಎಸಳನ್ನು ಅದರ ಎರಡೂ ಪಕ್ಕ ಎರಡು ತುಂಡಾಗಿ ಕೂರಿಸುತ್ತೇನೆ. ನಡುವೆ ಉಳಿಯುವ ಕರಿಕಲ್ಲೇ ಇರುವೆ. ಕಾಲುಗಳನ್ನು ಬೆಣಚಿನ ಮೇಲೆ ಕೂದಲಿನಷ್ಟು ಸಪೂರ ಗೀರಿ ಕಪ್ಪು ತುಂಬಿದರಾಯಿತು. ಅಕ್ಕ, ಇನ್ನೆರಡು ಬೆಣಚು ಬೇಕು. ಭಾನುವಾರ ಊರಿಗೆ ಹೋದರೆ ತನ್ನಿ.